ಗಾಳದ ತುದಿಯಲ್ಲೊಂದು ಶಾಸ್ತ್ರ

ಮೀನಿಗೆ ಗಾಳ ಹಾಕಿ ಕೂರುವವನನ್ನು ಕೆಲಸಗೇಡಿ ಎಂದು ಬೈಯುವುದು ನಮ್ಮಲ್ಲಿ ಹಳೆಯ ರೂಢಿ. ಗಾಳ ಹಾಕುವುದೆಂದರೆ ಆಸೆ ತೋರಿಸಿ ವಂಚಿಸುವುದು ಎಂಬ ಅರ್ಥವೂ ಮಾತಿನಲ್ಲಿ ಸೇರಿಕೊಂಡಿದೆ. ಆದರೆ ಇದೇ ಗಾಳದ ಮೇಲೆ ಕನ್ನಡ ನಾಡನ್ನಾಳಿದ ಚಕ್ರವರ್ತಿಯೊಬ್ಬ ಶ್ಲೋಕಗಳಲ್ಲಿ ಒಂದು ಅಧ್ಯಾಯವನ್ನೇ ರಚಿಸಿದ್ದಾನೆಂಬ ಸಂಗತಿ ಬಹುಮಂದಿಗೆ ತಿಳಿಯದು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳೂ ಕೆರೆಗಳ ಸೀಮೆ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಕೊಂಡು ಹೆಸರಘಟ್ಟದ ಕಡೆಗೆ ಇಳಿಯುತ್ತದೆ. ನೆಲಮಂಗಲದ ಕಡೆಯ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅದನ್ನು ಸೇರುತ್ತದೆ. ಹೊಸಕೋಟೆಯ ನೀರು ದಕ್ಷಿಣ ಪಿನಾಕಿನಿಯ ಪಾಲು. ಇಲ್ಲಿನ ಏರಿಗಳ ಮೇಲೆ ಗಾಳದವರ ಸಲಕರಣೆ ಸರಳ. ಒಂದು ಬಿದಿರು ಕೋಲು, ನೈಲಾನ್ ದಾರ, ತೇಲಲು ಜೋಳದ ದಂಟಿನ ಬೆಂಡು ಅಥವಾ ನವಿಲುಗರಿಯ ಕಡ್ಡಿ, ಮುಳುಗಲು ಸೀಸದ ಚೂರು, ತುದಿಯಲ್ಲಿ ಕೊಕ್ಕೆ. ಕೊಕ್ಕೆಗೆ ಸಿಕ್ಕಿಸುವ ತಿನಿಸಿಗೆ ಕನ್ನಡದಲ್ಲಿ ‘ಎರೆ’ ಎಂದು ಹೆಸರು. ಗೆಂಡೆಗೆ ಹಿಟ್ಟಿನ ಉಂಡೆ, ಕೊರಮೀನಿಗೆ ಕಪ್ಪೆಮರಿ, ಮೀಸೆಯ ಮೀನುಗಳಿಗೆ ಹುಳು ಅಥವಾ ಕೋಳಿಯ ಕರುಳು ಎಂಬ ವಿಂಗಡಣೆ ಪುಸ್ತಕ ಓದಿ ಬಂದದ್ದಲ್ಲ. ಕೆರೆಯ ದಡದಲ್ಲಿ ಕೂತು ಕಲಿತದ್ದು.

ಇದೇ ಆಟ ಇಂಗ್ಲೆಂಡಿನಲ್ಲಿ ಕಟ್ಟುನಿಟ್ಟಿನ ಪಂದ್ಯವಾಗಿ ಬೆಳೆದಿದೆ. ಅಲ್ಲಿ ಶ್ರೀಮಂತರ ಪ್ರತಿಷ್ಠೆಯ ಸಾಲ್ಮನ್, ಟ್ರೌಟ್‌ಗಳನ್ನು ಬಿಟ್ಟು ಉಳಿದ ಸಿಹಿನೀರಿನ ಮೀನುಗಳನ್ನು ‘ಒರಟು ಮೀನು’ ಎಂದು ಕರೆದರು. ಪಂದ್ಯದ ದಿನ ಯಾರು ದಡದಲ್ಲಿ ಎಲ್ಲಿ ಕೂರಬೇಕೆಂಬುದು ಚೀಟಿಯಲ್ಲಿ ತೀರ್ಮಾನ. ಗೊತ್ತಾದ ಹೊತ್ತಿನವರೆಗೆ ಹಿಡಿದದ್ದನ್ನೆಲ್ಲ ನೀರಿನಲ್ಲೇ ಇಳಿಬಿಟ್ಟ ಬಲೆಚೀಲದಲ್ಲಿ ಜೀವಂತ ಇಟ್ಟು, ಕೊನೆಗೆ ಒಟ್ಟು ತೂಕ ನೋಡಿ, ಮೀನುಗಳನ್ನು ನೀರಿಗೇ ಬಿಡುವುದು ಪದ್ಧತಿ. ಇಲ್ಲಿ ಗೆಲುವು ಕೊಕ್ಕೆಯದಲ್ಲ, ಮೇವಿನದು. ಕೊಕ್ಕೆ ಇಳಿಸುವ ಮುನ್ನ ಪುಡಿಮೇವನ್ನು ಉಂಡೆ ಕಟ್ಟಿ ಎಸೆದು ಮೀನುಗಳನ್ನು ಒಂದೆಡೆ ಕೂಡಿಸಬೇಕು. ಆಮೇಲೆ ಸ್ವಲ್ಪ ಸ್ವಲ್ಪವಾಗಿ, ಆದರೆ ಬಿಡದೆ ಮೇವು ಚೆಲ್ಲುತ್ತಿರಬೇಕು. ಹೆಚ್ಚಾದರೆ ಮೀನು ಹೊಟ್ಟೆ ತುಂಬಿಸಿಕೊಂಡು ಎರೆಯನ್ನು ಮೂಸುವುದಿಲ್ಲ. ಕಡಿಮೆಯಾದರೆ ಪಕ್ಕದವನ ಬಳಿಗೆ ಹೋಗುತ್ತದೆ.

ಈ ತಂತ್ರಕ್ಕೆ ಮೀನಿನ ಶರೀರದಲ್ಲೇ ಕಾರಣವಿದೆ. ಗೆಂಡೆಯ ಬಳಗದ ಮೀನುಗಳಿಗೆ ನಮ್ಮಂತೆ ಜಠರವಿಲ್ಲ. ಬಾಯಲ್ಲಿ ಹಲ್ಲಿಲ್ಲ, ಅಗಿಯುವ ಹಲ್ಲುಗಳು ಗಂಟಲಲ್ಲಿವೆ. ಒಮ್ಮೆಗೇ ಬಹಳ ನುಂಗಿ ಕೂಡಿಡುವ ಚೀಲವಿಲ್ಲದ್ದರಿಂದ ಅವು ದಿನವಿಡೀ ಸ್ವಲ್ಪ ಸ್ವಲ್ಪ ಮೇಯುತ್ತವೆ. ಮೇಯುವ ಮಟ್ಟವೂ ಬೇರೆ ಬೇರೆ: ಮೇಲ್ಮುಖದ ಬಾಯಿಯ ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ. ಬೆಂಡನ್ನು ದಾರದ ಮೇಲೆ ಒಂದು ಗೇಣು ಸರಿಸಿದರೆ ಸಿಕ್ಕುವ ಮೀನಿನ ಜಾತಿಯೇ ಬದಲಾಗಬಹುದು. ಈ ಮೂರೂ ಗಂಗಾ ಬಯಲಿನ ಮೂಲದವು. 1957ರಲ್ಲಿ ವಿಜ್ಞಾನಿ ಹೀರಾಲಾಲ್ ಚೌಧರಿ ಚುಚ್ಚುಮದ್ದಿನಿಂದ ಇಂಥ ಮೀನುಗಳನ್ನು ಮೊಟ್ಟೆಯಿಡಿಸುವ ವಿಧಾನ ಸಾಧಿಸಿದ ಮೇಲೆ ಇವುಗಳ ಮರಿಗಳು ನಮ್ಮ ಕೆರೆಗಳಿಗೂ ಹೇರಳವಾಗಿ ಬಂದವು.

ಮೊದಲು ಮೇವು, ಆಮೇಲೆ ಕೊಕ್ಕೆ ಎಂಬ ಸೂತ್ರ ಇಂಗ್ಲೆಂಡಿನವರ ಸ್ವಂತ ಶೋಧವೇನೂ ಅಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ಆರನೆಯ ವಿಕ್ರಮಾದಿತ್ಯನ ಮಗನಾದ ಈತನಿಗೆ ‘ಸರ್ವಜ್ಞ ಚಕ್ರವರ್ತಿ’ ಎಂಬ ಬಿರುದಿತ್ತು. ಈತ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ 20 ಅಧ್ಯಾಯಗಳ 5 ಭಾಗಗಳಾಗಿ ಒಟ್ಟು 100 ಅಧ್ಯಾಯಗಳ ವಿಶ್ವಕೋಶ. ಅದರ ನಾಲ್ಕನೆಯ ಭಾಗ ರಾಜನ ವಿನೋದಗಳಿಗೆ ಮೀಸಲು. ಮಲ್ಲಯುದ್ಧ, ಕೋಳಿ ಅಂಕ, ಗಿಡುಗನ ಬೇಟೆಗಳ ಸಾಲಿನಲ್ಲೇ ‘ಮತ್ಸ್ಯವಿನೋದ’ವೂ ಇದೆ.

ಅಲ್ಲಿ ಸುಮಾರು 35 ಬಗೆಯ ಮೀನುಗಳ ವಿವರವಿದೆ. ಕಡಲಿನವು, ಸಿಹಿನೀರಿನವು, ಹುರುಪೆಯುಳ್ಳವು, ಇಲ್ಲದವು, ದೊಡ್ಡವು, ನಡುಗಾತ್ರದವು, ಸಣ್ಣವು ಎಂಬ ವಿಂಗಡಣೆಯಿದೆ. ಯಾವ ಮೀನಿಗೆ ಯಾವ ಮೇವು ಹಿತ, ಮೇವು ಕೊಟ್ಟು ಮೀನನ್ನು ಒಂದು ಜಾಗಕ್ಕೆ ರೂಢಿ ಮಾಡಿಸುವುದು ಹೇಗೆ ಎಂಬ ವಿಚಾರಗಳೂ ಇವೆ. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲು ಅಚ್ಚಾದ ಬರಹ 1496ರದು. ಐಸಾಕ್ ವಾಲ್ಟನ್‌ನ ಪ್ರಸಿದ್ಧ ಗ್ರಂಥ 1653ರದು. ನಮ್ಮ ಅರಸ ಮೊದಲನೆಯದಕ್ಕಿಂತಲೂ ಮೂರೂವರೆ ಶತಮಾನ ಹಿಂದಿನವನು. ಈ ಅಧ್ಯಾಯದ ಮಹತ್ವವನ್ನು 1951ರಲ್ಲಿ ವಿದ್ವತ್ ಲೋಕದ ಗಮನಕ್ಕೆ ತಂದವರು ಮತ್ಸ್ಯವಿಜ್ಞಾನಿ ಸುಂದರ್‌ಲಾಲ್ ಹೋರಾ.

ಬ್ರಿಟಿಷರ ಕಾಲದಲ್ಲಿ ಈ ವಿದ್ಯೆ ಮತ್ತೆ ಪುಸ್ತಕಕ್ಕೆ ಇಳಿದದ್ದೂ ಕನ್ನಡ ನೆಲದಲ್ಲೇ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1887ರಲ್ಲಿ ಆತ ಕೆರೆಗಳಲ್ಲಿ ಗಾಳ ಹಾಕುವ ಕುರಿತೇ ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’ ಎಂಬ ಇನ್ನೊಂದು ಪುಸ್ತಕ ಬರೆದ. ಮುಂದೆ ಕಾವೇರಿಯ ಮಹಶೀರ್, ಅಂದರೆ ನದಿತೀರದವರ ‘ಬಿಳಿ ಮೀನು’, ಜಗತ್ತಿನ ಗಾಳಗಾರರನ್ನು ಸೆಳೆಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಈ ದೈತ್ಯ ಮೀನಿಗೆ ಕಾವೇರಿ ತೀರದ ಹೆಸರಾಂತ ಎರೆ ಯಾವುದು ಗೊತ್ತೆ? ನಮ್ಮ ರಾಗಿ ಹಿಟ್ಟಿನ ಮುದ್ದೆ! ಹರಿಯುವ ನೀರಿನಲ್ಲಿ ಕರಗದಂತೆ ಅದನ್ನು ಗಟ್ಟಿಯಾಗಿ ಬೇಯಿಸಿ ಕೊಕ್ಕೆಯ ಸುತ್ತ ಒತ್ತುತ್ತಿದ್ದರು.

ಈ ವಿನೋದಕ್ಕೆ ಇನ್ನೊಂದು ಮುಖವೂ ಇದೆ. ಅರ್ಕಾವತಿ ಕಾವೇರಿಗೆ ಸೇರುವ ಸಂಗಮದ ಆಸುಪಾಸಿನ ಗಾಳಿಬೋರೆ ಶಿಬಿರದಲ್ಲಿ, ಮೀನು ಹಿಡಿದು ತೂಗಿ ಮತ್ತೆ ಬಿಡುವ ಪದ್ಧತಿಯಿತ್ತು. ಹಿಡಿದದ್ದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 2012ರಲ್ಲಿ ಅಲ್ಲಿ ಗಾಳದ ಆಟ ನಿಂತಿತು. 1998ರಿಂದ 2012ರವರೆಗಿನ ಆ ದಾಖಲೆಯಲ್ಲಿದ್ದ 6,000ಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು ಆಮೇಲೆ ವಿಜ್ಞಾನಿಗಳು ಪರಿಶೀಲಿಸಿದಾಗ ಒಂದು ದುರಂತ ಬಯಲಾಯಿತು. ಮಹಶೀರ್‌ಗಳ ಒಟ್ಟು ಸಂಖ್ಯೆ ಏರುತ್ತಿತ್ತು. ಆದರೆ ಅದು ಮಹಶೀರ್ ಸಂತತಿ ಹೆಚ್ಚಲೆಂಬ ಸದುದ್ದೇಶದಿಂದ 1970ರ ದಶಕದಿಂದ ತಂದು ಬಿಟ್ಟ ನೀಲಿರೆಕ್ಕೆಯ ಬೇರೆ ಜಾತಿಯದು. ಕಾವೇರಿ ಕೊಳ್ಳದಲ್ಲಲ್ಲದೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಕಣ್ಮರೆಯ ಅಂಚಿಗೆ ಬಂದಿತ್ತು. ಅದರ ಸರಿಯಾದ ವೈಜ್ಞಾನಿಕ ಹೆಸರು, ‘ಟಾರ್ ರೆಮಾದೇವಿ’ ಎಂಬುದು, ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೂ ಸೇರಿತು.

ಮೀನು ಎಷ್ಟಿದೆ ಎಂದು ಕೇಳುವುದು ಸುಲಭ. ಯಾವ ಮೀನು ಎಂದು ಕೇಳುವವರು ಕಡಿಮೆ. ನಮ್ಮ ಕೆರೆಗಳಿಗೂ ಈ ಮಾತು ಅನ್ವಯಿಸುತ್ತದೆ. ಬಿತ್ತನೆ ಮರಿಗಳ ಲೆಕ್ಕ ಕಡತಗಳಲ್ಲಿ ಸಿಕ್ಕೀತು. ಹುಟ್ಟಾ ಇಲ್ಲಿಯವೇ ಆದ ಸಣ್ಣ ಗೆಂಡೆ, ಕೊರಮೀನು, ಚೇಳುಮೀನುಗಳ ಲೆಕ್ಕ ಇರುವುದು ಗಾಳ ಹಾಕುವವರ ನೆನಪಿನಲ್ಲಿ ಮಾತ್ರ. ದೊಡ್ಡಬಳ್ಳಾಪುರದ ಬಳಿಯ ದೊಡ್ಡತುಮಕೂರು ಕೆರೆಗೆ ಕೊಳಚೆ ಸೇರುವುದರ ವಿರುದ್ಧ ಊರಿನವರೇ ಬೀದಿಗಿಳಿಯಬೇಕಾಯಿತು. ನೀರು ಕೆಟ್ಟಿತೆಂದು ಪ್ರಯೋಗಾಲಯದ ವರದಿ ಬರುವ ಮೊದಲೇ ಅದನ್ನು ಅರಿಯಬಲ್ಲವನು ದಿನವೂ ದಡದಲ್ಲಿ ಕೂತು ಬೆಂಡನ್ನು ನೋಡುವವನು. ಯಾವ ಮೀನು ಯಾವ ತಿಂಗಳಲ್ಲಿ ಎರೆ ಮುಟ್ಟುವುದನ್ನು ನಿಲ್ಲಿಸಿತು ಎಂಬುದು ಅವನಿಗೆ ಗೊತ್ತಿರುತ್ತದೆ. ಒಂಬೈನೂರು ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿ ಬರೆದಿಡಲು ಯೋಗ್ಯವೆಂದು ಭಾವಿಸಿದ ಈ ತಿಳಿವಳಿಕೆಯನ್ನು ಇಂದು ಒಬ್ಬ ಶಾಲಾ ಮಾಸ್ತರರೋ ಪಂಚಾಯಿತಿ ಸದಸ್ಯರೋ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟರೂ ಸಾಕು, ಕೆರೆಗೆ ಅದರಿಂದ ಉಪಕಾರವಾದೀತು.