ಶರೀಅತ್ ಬದ್ಧ ಹೂಡಿಕೆ ಮತ್ತು ಕಂಪನಿಗಳ ಸ್ವಯಂಪ್ರೇರಿತ ಮಾಹಿತಿ ಪ್ರಕಟಣೆ: ವಿಶಾಖಪಟ್ಟಣ, ವಿಜಯವಾಡಗಳ ನೆಲೆಯಲ್ಲಿ

ಕಾನೂನು ಕೇಳದ ವಿವರಗಳನ್ನೂ ಕಂಪನಿಯು ತಾನಾಗಿ ಬಹಿರಂಗಪಡಿಸುವುದು ಸ್ವಯಂಪ್ರೇರಿತ ಪ್ರಕಟಣೆ. ಇಸ್ಲಾಮಿ ಹಣಕಾಸು ಪದ್ಧತಿಯಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಬಡ್ಡಿ, ಜೂಜು ಮತ್ತು ಅತಿಯಾದ ಅನಿಶ್ಚಿತತೆ ಅಲ್ಲಿ ನಿಷಿದ್ಧ. ಲಾಭನಷ್ಟದ ಪಾಲುದಾರನಿಗೆ ಲೆಕ್ಕ ಒಪ್ಪಿಸುವುದು ಧಾರ್ಮಿಕ ಹೊಣೆಯೂ ಹೌದು. ಆಚರಣೆ ಮಾತ್ರ ಈ ಆದರ್ಶಕ್ಕಿಂತ ಹಿಂದಿದೆ. ಸಂಶೋಧಕರಾದ ಹನೀಫಾ ಮತ್ತು ಹುದೈಬ್ 2007ರ ಅಧ್ಯಯನದಲ್ಲಿ ಕೊಲ್ಲಿ ಪ್ರದೇಶದ ಏಳು ಇಸ್ಲಾಮಿ ಬ್ಯಾಂಕುಗಳ ವಾರ್ಷಿಕ ವರದಿಗಳನ್ನು ಪರಿಶೀಲಿಸಿದಾಗ, ಆರರಲ್ಲಿ ಆದರ್ಶಕ್ಕೂ ಪ್ರಕಟಿತ ಮಾಹಿತಿಗೂ ಅಂತರ ಕಂಡುಬಂದಿತು.

ಭಾರತದಲ್ಲಿ ಇಸ್ಲಾಮಿ ಬ್ಯಾಂಕಿಂಗ್‌ಗೆ ಅವಕಾಶವಿಲ್ಲ. ಬಡ್ಡಿರಹಿತ ಬ್ಯಾಂಕಿಂಗ್ ಬೇಕೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿದರೂ, ರಿಸರ್ವ್ ಬ್ಯಾಂಕ್ 2017ರಲ್ಲಿ ಆ ಪ್ರಸ್ತಾವವನ್ನು ಕೈಬಿಟ್ಟಿತು. ಹೀಗಾಗಿ ಇಲ್ಲಿ ಇಸ್ಲಾಮಿ ಹಣಕಾಸಿನ ತತ್ವ ಮುಖ್ಯವಾಗಿ ಷೇರು ಹೂಡಿಕೆಯಲ್ಲಿ ನೆಲೆ ಕಂಡಿದೆ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಶರೀಅತ್ ಸೂಚ್ಯಂಕಗಳು 2008ರಲ್ಲಿ, ಮುಂಬೈ ಷೇರುಪೇಟೆಯ ಸೂಚ್ಯಂಕ 2010ರಲ್ಲಿ ಬಂದವು. ಈ ಸೂಚ್ಯಂಕಗಳಿಗೆ ಕಂಪನಿಗಳು ಅರ್ಜಿ ಹಾಕುವುದಿಲ್ಲ. ಪ್ರಕಟಿತ ಲೆಕ್ಕಪತ್ರ ಓದಿ ಹೊರಗಿನ ತಜ್ಞರು ಆರಿಸುತ್ತಾರೆ. ಇಸ್ಲಾಮಿ ಹಣಕಾಸಿಗೆ ಮಾನದಂಡ ರೂಪಿಸುವ ಬಹರೇನ್‌ನ ಅಯೋಫಿ ಸಂಸ್ಥೆಯ ಪ್ರಕಾರ ಬಡ್ಡಿ ಸಾಲವೂ ಬಡ್ಡಿ ತರುವ ಠೇವಣಿಯೂ ತಲಾ ಮಾರುಕಟ್ಟೆ ಮೌಲ್ಯದ ಶೇ 30ರೊಳಗೆ, ನಿಷಿದ್ಧ ಆದಾಯ ಒಟ್ಟು ಆದಾಯದ ಶೇ 5ರೊಳಗೆ ಇರಬೇಕು.

ಉದಾಹರಣೆಗೆ, ವಿಶಾಖಪಟ್ಟಣದಲ್ಲಿ ನೋಂದಾಯಿತ ಕಚೇರಿಯುಳ್ಳ ಅವಂತಿ ಫೀಡ್ಸ್ ಸೀಗಡಿ ಮೇವಿನ ಕಂಪನಿ. ಸೀಗಡಿ ಸೇವನೆಯ ಬಗ್ಗೆ ಹನಫಿ ಪಂಥದ ಧರ್ಮಶಾಸ್ತ್ರ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿದೆ. ಜೊತೆಗೆ, ಇಂಥ ಉದ್ಯಮದಲ್ಲಿ ಮೇವಿನ ಪ್ರಾಣಿಜನ್ಯ ಪದಾರ್ಥಗಳ ಮೂಲವೂ ಹೂಡಿಕೆದಾರನಿಗೆ ಬೇಕಾದ ಮಾಹಿತಿಯೇ. ಆದಾಯದ ವಿಷಯಕ್ಕೆ ಬಂದರೆ, 2013ರ ಕಂಪನಿ ಕಾಯ್ದೆಯ ಮೂರನೇ ಅನುಸೂಚಿ ಬಡ್ಡಿ ಆದಾಯವನ್ನು ಪ್ರತ್ಯೇಕವಾಗಿ ತೋರಿಸಲು ಹೇಳುತ್ತದೆ. ಆದರೆ ಸಾಲಪತ್ರಗಳಲ್ಲಿ ತೊಡಗಿಸುವ ಮ್ಯೂಚುವಲ್ ಫಂಡ್‌ನಿಂದ ಬಂದ ಗಳಿಕೆ ‘ಹೂಡಿಕೆ ಲಾಭ’ದಲ್ಲಿ ಸೇರಿಹೋಗುತ್ತದೆ. ಅದರ ಮೂಲ ಬಡ್ಡಿಯೇ ಎಂಬುದು ಕಂಪನಿ ತಾನಾಗಿ ಬಿಡಿಸಿ ಹೇಳಿದರೆ ಮಾತ್ರ ತಿಳಿಯುತ್ತದೆ.

ಅದೇ ನಗರದ ಡ್ರೆಡ್ಜಿಂಗ್ ಕಾರ್ಪೊರೇಷನ್ 1976ರಲ್ಲಿ ಸ್ಥಾಪನೆಯಾಯಿತು. 2019ರಲ್ಲಿ ಅದರಲ್ಲಿದ್ದ ಕೇಂದ್ರ ಸರ್ಕಾರದ ಪಾಲನ್ನು ವಿಶಾಖಪಟ್ಟಣ ಸೇರಿದಂತೆ ನಾಲ್ಕು ಬಂದರುಗಳು ಕೊಂಡವು. ಹೂಳೆತ್ತುವ ಕೆಲಸದಲ್ಲಿ ನಿಷಿದ್ಧವೇನಿಲ್ಲ. ಆದರೆ ಹೂಳೆತ್ತುವ ಹಡಗು ದುಬಾರಿ, ಅದಕ್ಕೆ ಸಾಲ ಬೇಕಾಗುತ್ತದೆ. ಷೇರುಬೆಲೆ ಕುಸಿದರೆ ವ್ಯವಹಾರ ಬದಲಾಗದೆಯೂ ಸಾಲದ ಅನುಪಾತ ಮಿತಿ ದಾಟಬಹುದು. ಸಾಲದ ಸ್ವರೂಪ ಮತ್ತು ಮರುಪಾವತಿಯ ಯೋಜನೆಯನ್ನು ತಿಳಿಸಿದರೆ ಈ ಏರಿಳಿತದ ಅರ್ಥ ಸ್ಪಷ್ಟವಾಗುತ್ತದೆ.

ವಿಜಯವಾಡದ ಸ್ಥಿತಿ ಬೇರೆ. ಆಟೋನಗರದ ವಾಹನ ದುರಸ್ತಿ ಮತ್ತು ಬಿಡಿಭಾಗಗಳ ವಹಿವಾಟಿನಂಥ ಕ್ಷೇತ್ರಗಳಲ್ಲಿ ಸಣ್ಣ ಉದ್ಯಮಗಳೇ ಹೆಚ್ಚು. ಮುದಾರಬಾ (ಒಬ್ಬರ ಬಂಡವಾಳ, ಇನ್ನೊಬ್ಬರ ದುಡಿಮೆ), ಮುಶಾರಕಾ (ಎಲ್ಲರದೂ ಬಂಡವಾಳ) ಎಂಬ ಲಾಭ ಹಂಚಿಕೆಯ ಒಪ್ಪಂದಗಳಿಗೆ ಪಾಲುದಾರಿಕೆ ಸಹಜವಾಗಿ ಹೊಂದುವ ರೂಪ. ಆದರೆ 1932ರ ಪಾಲುದಾರಿಕೆ ಕಾಯ್ದೆಯಡಿಯ ಸಂಸ್ಥೆ ಲೆಕ್ಕವನ್ನು ಸಾರ್ವಜನಿಕವಾಗಿ ಸಲ್ಲಿಸಬೇಕಿಲ್ಲ. ಕಾನೂನು ಮೌನವಾಗಿರುವಲ್ಲಿ ಹೂಡಿಕೆದಾರನಿಗೆ ಉಳಿಯುವುದು ಸಂಸ್ಥೆ ಸ್ವಇಚ್ಛೆಯಿಂದ ಕೊಡುವ ಲೆಕ್ಕವೊಂದೇ.

ಈ ಲೆಕ್ಕ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಬೆಂಗಳೂರು ಕಂಡಿದೆ. ಹಲಾಲ್, ಅಂದರೆ ಧರ್ಮಸಮ್ಮತ, ಹೂಡಿಕೆಯ ಹೆಸರಿನಲ್ಲಿ ಹಣ ಸಂಗ್ರಹಿಸಿ, ಹೂಡಿಕೆದಾರರನ್ನು ಪಾಲುದಾರರೆಂದು ಕರೆದಿದ್ದ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿಯಿತು. ಹತ್ತಾರು ಸಾವಿರ ಜನ ದೂರು ಕೊಟ್ಟರು, ತನಿಖೆ ಸಿಬಿಐಗೆ ಹೋಯಿತು. ತಿಂಗಳ ಲಾಭ ಕೈಗೆ ಬರುತ್ತಿದ್ದುದರಿಂದ, ಅದು ಯಾವ ವ್ಯವಹಾರದಿಂದ ಹುಟ್ಟಿತೆಂದು ಅನೇಕ ಹೂಡಿಕೆದಾರರು ಕೇಳಲಿಲ್ಲ.

ಆದ್ದರಿಂದ ಶರೀಅತ್ ಬದ್ಧತೆಯನ್ನು ಹೇಳಿಕೊಳ್ಳುವ ಸಂಸ್ಥೆ ಕನಿಷ್ಠ ಐದು ವಿವರಗಳನ್ನು ಕೊಡಬೇಕು: ಬಡ್ಡಿ ಸಾಲದ ಮೊತ್ತ, ಠೇವಣಿ ಮತ್ತು ಫಂಡ್‌ಗಳ ಸ್ವರೂಪ, ನಿಷಿದ್ಧ ಆದಾಯ ಹಾಗೂ ದಾನದ ಮೂಲಕ ಅದರ ಶುದ್ಧೀಕರಣ, ಜಕಾತ್‌ನ (ಕಡ್ಡಾಯ ದಾನದ) ಲೆಕ್ಕ, ಧಾರ್ಮಿಕ ಸಲಹಾ ಮಂಡಳಿಯ ಹೆಸರು ಮತ್ತು ವರದಿ. ಲೆಕ್ಕವಿಲ್ಲದ ಹಲಾಲ್ ಹೇಳಿಕೆ ಹೂಡಿಕೆಗೆ ಆಧಾರವಾಗಲಾರದು.