ಮಿರ್ಜಾ ಸಾಹೇಬರ ಕಾಗದಪತ್ರಗಳು

ಬೆಂಗಳೂರಿನ ದಂಡು ಪ್ರದೇಶದಲ್ಲಿ ಅಲಿ ಅಸ್ಕರ್ ರಸ್ತೆ ಎಂಬುದೊಂದಿದೆ. ಇರಾನಿನ ಶಿರಾಜಿನಿಂದ ಕುದುರೆ ವ್ಯಾಪಾರಕ್ಕೆಂದು ಬಂದು ಇಲ್ಲಿಯೇ ನೆಲೆನಿಂತವರ ಹೆಸರು ಅದು. ಅವರ ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್ 1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1926ರಿಂದ 1941ರ ವರೆಗೆ ಮೈಸೂರಿನ ದಿವಾನರಾಗಿದ್ದು, 1959ರಲ್ಲಿ ಈ ಊರಿನಲ್ಲಿಯೇ ತೀರಿಕೊಂಡರು. ಆದರೆ ಅವರ ಖಾಸಗಿ ಕಾಗದಪತ್ರಗಳನ್ನು ನೋಡಬೇಕೆನ್ನುವ ನಮ್ಮ ವಿದ್ಯಾರ್ಥಿ ದೆಹಲಿಗೆ ಹೋಗಬೇಕು. ಅವು ಅಲ್ಲಿಯ ತೀನ್ ಮೂರ್ತಿ ಭವನದ ಗ್ರಂಥಾಲಯದಲ್ಲಿವೆ.

ದಿವಾನರು 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ಕಥೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ್ದಾರೆ. ಅದಿರುವಾಗ ಹಳೆಯ ಕಾಗದಗಳೇಕೆ ಎಂದು ಯಾರಾದರೂ ಕೇಳಬಹುದು. ಆತ್ಮಕಥೆಯನ್ನು ಬರೆಯುವಾಗ ನಡೆದುದರ ಫಲ ಬರೆಯುವವನಿಗೆ ಗೊತ್ತಿರುತ್ತದೆ. ಆ ದಿನ ಬರೆದ ಪತ್ರಕ್ಕೆ ನಾಳಿನ ಸುದ್ದಿ ತಿಳಿಯದು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರಾಯಿತು. ಸತ್ತವರೆಷ್ಟು ಎಂಬಲ್ಲಿಯೇ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ಬಳಿಕ ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನರೊಡನೆ ಒಪ್ಪಂದ ಮಾಡಿಕೊಂಡರು. ಇಂಥ ದಿನಗಳ ಚರಿತ್ರೆಯನ್ನು ಒಂದು ಕಡೆಯ ಮಾತಿನಿಂದ ಬರೆಯಲಾಗದು. ದಿವಾನರನ್ನು ಹೊಗಳುವವರಿಗೂ ತೆಗಳುವವರಿಗೂ ಅವರ ಮೇಜಿನ ಕಾಗದ ಬೇಕೇ ಬೇಕು.

ಗಾಂಧೀಜಿ ಮಿರ್ಜಾ ಅವರಿಗೆ ಬರೆದ ಪತ್ರಗಳು ಮಹಾತ್ಮರ ಸಮಗ್ರ ಕೃತಿಗಳ ಸಂಪುಟಗಳಲ್ಲಿವೆ. ಪತ್ರವನ್ನು ಬರೆದವರು ಎಷ್ಟೇ ದೊಡ್ಡವರಿರಲಿ, ಅದು ಉಳಿಯಬೇಕಾದರೆ ಪಡೆದವನು ಜೋಪಾನ ಮಾಡಿರಬೇಕು.

ಇವು ದೆಹಲಿಗೆ ಸೇರಿದ್ದಕ್ಕೆ ನಾನು ಕೊರಗುವುದಿಲ್ಲ, ಅಲ್ಲಿ ಉಳಿದಿವೆಯಲ್ಲ! ಆದರೆ ಅವುಗಳ ಪ್ರತಿಯೊಂದು ಇಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಇರಬೇಡವೇ? ಮಿರ್ಜಾ ಓದಿದ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಇಂದು ವಿಶ್ವವಿದ್ಯಾನಿಲಯವೇ ಇದೆ. ಪುಟಗಳ ಚಿತ್ರ ತೆಗೆದು ಕಳಿಸುವುದು ಈ ಕಾಲದಲ್ಲಿ ಅಸಾಧ್ಯವಾದ ಕೆಲಸವಲ್ಲ. ದೆಹಲಿಯ ಪ್ರಯಾಣಕ್ಕೂ ವಸತಿಗೂ ಹಣವಿಲ್ಲದ ಹುಡುಗಿಯೊಬ್ಬಳು ಶಿವಾಜಿನಗರದಿಂದ ಬಸ್ಸಿನಲ್ಲಿ ಬಂದು ತನ್ನ ಊರಿನ ಚರಿತ್ರೆಯ ಮೂಲವನ್ನು ಓದುವಂತಾಗಬೇಕು.

ಇದಕ್ಕಿಂತ ಅವಸರದ ಕೆಲಸ ಇನ್ನೊಂದಿದೆ. ದಂಡು 1947ರಲ್ಲಿ ಮೈಸೂರಿಗೆ ಮರಳಿತು. 1949ರಲ್ಲಿ ನಗರ, ದಂಡುಗಳೆರಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ಅಲ್ಲಿಂದೀಚೆಗೆ ಹಲಸೂರು, ಶಿವಾಜಿನಗರ, ಕೃಷ್ಣರಾಜಪುರಗಳಿಂದ ಎಷ್ಟೋ ಮಂದಿ ಆರಿಸಿಬಂದಿದ್ದಾರೆ. ಇಂಥವರು ತೀರಿಕೊಂಡ ಮೇಲೆ ಮನೆಯವರು ಹಾರ ಹಾಕಿದ ಫೋಟೋಗಳನ್ನು ಉಳಿಸಿಕೊಂಡು ಕಾಗದವನ್ನು ತೂಕಕ್ಕೆ ಹಾಕುವುದುಂಟು. ನಲ್ಲಿ ನೀರಿಗಾಗಿ ಬಂದ ಅರ್ಜಿ, ಚುನಾವಣೆಯ ಖರ್ಚಿನ ಚೀಟಿ, ಬೈದು ಬರೆದ ಪತ್ರ—ಬೀದಿಯ ಚರಿತ್ರೆ ಇವುಗಳಲ್ಲಿಯೇ ಇರುತ್ತದೆ.

ಅಂಥ ಮನೆಗಳವರಲ್ಲಿ ನನ್ನ ವಿನಂತಿ ಇಷ್ಟೇ. ಕಡತಗಳನ್ನು ಇದ್ದ ಕ್ರಮದಲ್ಲಿಯೇ ಇಡಿ. ಯಾವುದರ ಪಕ್ಕದಲ್ಲಿ ಯಾವುದಿತ್ತು ಎಂಬುದೂ ಒಂದು ಸಾಕ್ಷ್ಯ. ಹಿರಿಯರ ಮಾನಕ್ಕೆ ಕುಂದು ಬಂದೀತೆಂದು ಆರಿಸಿ ಹರಿಯಬೇಡಿ. ಸಂಕೋಚದ ಕಾಗದವಿದ್ದರೆ ಇಷ್ಟು ವರ್ಷ ತೆರೆಯಕೂಡದೆಂದು ಷರತ್ತು ಬರೆದು ಕೊಡಿ. ಪತ್ರಾಗಾರಗಳಲ್ಲಿ ಆ ಪದ್ಧತಿಯುಂಟು. ವಿಶ್ವವಿದ್ಯಾನಿಲಯದವರೂ ಪೆಟ್ಟಿಗೆಯನ್ನು ಪಡೆದು ಮೂಲೆಗಿಟ್ಟರೆ ಸಾಲದು. ಗೆದ್ದಲಿಗೆ ಸಿಕ್ಕದಂತೆ ಕಾಪಾಡಬೇಕು, ಪಟ್ಟಿ ಮಾಡಬೇಕು, ಕೇಳಿ ಬಂದವರಿಗೆ ತೆಗೆದು ಕೊಡಬೇಕು. ಓದುವವರಿಗೆ ಸಿಕ್ಕದ ಕಾಗದ ಇದ್ದೂ ಇಲ್ಲದಂತೆ.