ಮೈಕಿಗೆ ಮೊದಲಿನ ಏರುಶ್ರುತಿ

ಮೈಕು ಬಂದು ಯಕ್ಷಗಾನದ ನಾದ ಕೆಟ್ಟಿತೆಂಬ ದೂರು ಅರ್ಧ ಸತ್ಯ. ಭಾಗವತರು ಏರುಶ್ರುತಿಯಲ್ಲಿ ಹಾಡುತ್ತಿದ್ದುದು ರುಚಿಗೆ ಮಾತ್ರವೇ? ಬಯಲಿನ ಕೊನೆಯ ಸಾಲಿಗೂ ಪದ ಮುಟ್ಟಬೇಕಿತ್ತು. ಯಕ್ಷಗಾನದ ಉತ್ತರ ಶೈಲಿಯಾದ ಬಡಗುತಿಟ್ಟಿನಲ್ಲಿ ಏರುಮದ್ದಳೆಯನ್ನು ಬಳಕೆಗೆ ತಂದ ಹಿರಿಯಡ್ಕ ಗೋಪಾಲರಾಯರು (1919–2020) ಆ ಎತ್ತರಕ್ಕೆ ವಾದ್ಯವನ್ನೇ ಹೊಂದಿಸಿದರು. ಮೈಕಿನ ದನಿಯನ್ನು ಹಿಗ್ಗಿಸುತ್ತಿದ್ದ ವಾಲ್ವಿನ ಆಂಪ್ಲಿಫೈಯರಿನದು ಬೇರೆಯೇ ದಾರಿ. ಶಕ್ತಿಯಲ್ಲಿ ಸಣ್ಣದಾದಷ್ಟೂ ಅದು ಬೇಗ ಮಿತಿ ಮುಟ್ಟುತ್ತದೆ, ಅಲೆಯ ತುದಿ ಚಪ್ಪಟೆಯಾಗಿ ದನಿ ಒರಟಾಗುತ್ತದೆ. ಮನೆಯಲ್ಲಿ ಗಿಟಾರ್ ನುಡಿಸುವವರು ಐದು ವಾಟಿನ ಅಗ್ಗದ ಪೆಟ್ಟಿಗೆಯನ್ನು ಹುಡುಕುವುದೇ ಈ ಒರಟುತನಕ್ಕಾಗಿ. ಮಾತೇ ಜೀವಾಳವಾದ ಭಾಗವತಿಕೆಗೆ ಅದೇ ದೋಷ. ಚಂಡೆಯ ಅಬ್ಬರದ ನಡುವೆ ಮೈಕಿಲ್ಲದೆ ಪದ ಕೇಳುವುದು ಹೇಗೆ ಎನ್ನಬಹುದು. ಚಂಡೆ ಮೈಕಿಗಿಂತ ಹಳೆಯದು. ಪದ ನಡೆಯುವಾಗ ಕೈ ತಗ್ಗಿಸುವುದು ಒಳ್ಳೆಯ ಹಿಮ್ಮೇಳಕ್ಕೆ ಗೊತ್ತಿತ್ತು.